ಒದ್ದೆ ಗೋಣಿಚೀಲದ ಪರವಾಗಿ ಎರಡು ಮಾತು

ನಮ್ಮೂರಿನ ದೊಡ್ಡ ಕುರಿ ರೊಪ್ಪದ ಬಾಗಿಲಲ್ಲಿ, ತೂಕದ ಯಂತ್ರದ ಪಕ್ಕ, ಒಂದು ಕಬ್ಬಿಣದ ಕಂಬವಿದೆ. ಕಂಬದ ಮೇಲೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಕರಿಬಣ್ಣದ ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಸದಾ ಒಂದು ಒದ್ದೆ ಗೋಣಿಚೀಲದ ತುಂಡು. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ನೀವು ಎಂದಾದರೂ ನಮ್ಮೂರಲ್ಲಿಳಿದು, ಇದೇನು ಪೆಟ್ಟಿಗೆಗೆ ತಲೆಬಟ್ಟೆ ಎಂದು ಕೇಳಿದರೆ ಹತ್ತು ಜನ ಒಂದೇ ಕಥೆ ಹೇಳುತ್ತಾರೆ: ಯಂತ್ರಕ್ಕೆ ಉಷ್ಣವಾಗಿತ್ತು, ತೂಕ ಹೇಳುವ ಬದಲು ಬಡಬಡಿಸುತ್ತಿತ್ತು, ಕೊಟ್ರೇಶನ ಅಕ್ಕ, ಆ ವಾದ ಮಾಡುವವಳು, ಅದಕ್ಕೆ ತಂಪು ಕೊಟ್ಟು ಸರಿಮಾಡಿದಳು.

ಆ ವಾದ ಮಾಡುವವಳು ನಾನೇ ಆದ್ದರಿಂದ, ಈ ಕಥೆಯನ್ನು ಸುಮ್ಮನೆ ಒಪ್ಪಿಕೊಂಡು ಸನ್ಮಾನಕ್ಕೆ ಭುಜ ಕೊಡುವುದು ಸುಲಭವಿತ್ತು. ಆದರೆ ಅದರಲ್ಲಿ ಮೂರು ದೋಷಗಳಿವೆ. ಒಂದು, ಉಷ್ಣ ಎನ್ನುವುದು ಮೊಸರನ್ನ ಉಂಡರೆ ಇಳಿಯುವಂಥ, ಮನುಷ್ಯರ ಕಾಯಿಲೆಯೇ ಹೊರತು ಯಂತ್ರದ್ದಲ್ಲ. ಎರಡು, ಸರಿಮಾಡಿದವಳು ನಾನಲ್ಲ. ಮೂರು, ಆ ಗೋಣಿಚೀಲದಿಂದ ಇವತ್ತು ಕವಡೆಯಷ್ಟೂ ಪ್ರಯೋಜನವಿಲ್ಲ. ಈ ಮೂರರಲ್ಲಿ ಮೊದಲನೆಯದನ್ನು ನಾನು ಆಮೇಲೆ ಅರ್ಧ ಹಿಂತೆಗೆದುಕೊಳ್ಳಬೇಕಾಯಿತು; ಎರಡನೆಯದು ಈ ಬರಹದ ಕಾರಣ; ಮೂರನೆಯದನ್ನು ಊರಿನಲ್ಲಿ ಯಾರೂ ಕೇಳಲು ತಯಾರಿಲ್ಲ.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಳು. ಒಂದೇ ವಿಷಯದ ಮೇಲೆ ಹಡಗಲಿಯಲ್ಲಿ ಪರವಾಗಿ ಮಾತಾಡಿ ಗೆದ್ದು, ಮರುವಾರ ಹರಪನಹಳ್ಳಿಯಲ್ಲಿ ವಿರೋಧವಾಗಿ ಮಾತಾಡಿ ಮತ್ತೂ ಗೆದ್ದು, ಎರಡೂ ಸಲ ನನ್ನ ಮಾತನ್ನು ನಾನೇ ಹೃತ್ಪೂರ್ವಕವಾಗಿ ನಂಬಿದವಳು. ಗೆದ್ದ ತಟ್ಟೆಯಾಕಾರದ ಫಲಕಗಳಲ್ಲಿ ಒಂದನ್ನು ಅವ್ವ ಜೋಳದ ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡಿದ್ದಾಳೆ. ನನ್ನ ವಾಗ್ಮಿತೆಯಿಂದ ನಮ್ಮ ಮನೆಗೆ ಆದ ಶಾಶ್ವತ ಉಪಕಾರ ಅದೊಂದೇ. ದೆವ್ವ, ಶಕುನ, ರಾಹುಕಾಲ, ಹಲ್ಲಿಯ ಲೊಚಗುಟ್ಟುವಿಕೆ, ಇವುಗಳಲ್ಲಿ ಯಾವುದನ್ನಾದರೂ ಯಾರಾದರೂ ನಂಬುತ್ತಾರೆಂದು ತಿಳಿದರೆ ನನಗೆ ವಾದದ ಹಸಿವು ತಾನಾಗಿ ಹೆಚ್ಚುತ್ತದೆ.

ನನ್ನ ತಮ್ಮ ಕೊಟ್ರೇಶ ಇದಕ್ಕೆ ತದ್ವಿರುದ್ಧ. ಡಿಪ್ಲೊಮಾ ಮುಗಿಸಿ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲು, ಮಿಕ್ಸರು ರಿಪೇರಿಯ ಗೂಡಂಗಡಿ ಇಟ್ಟಿದ್ದಾನೆ. ಅವನು ದಿನಕ್ಕೆ ಮಾತಾಡುವುದು ನಾನು ಒಂದು ಪೀಠಿಕೆಗೆ ಖರ್ಚುಮಾಡುವಷ್ಟು. ಈ ಮೂಕಮುನಿ ಹೋದ ಬೇಸಿಗೆಯಲ್ಲಿ ಒಂದು ಯಂತ್ರ ಮಾಡಿದ. ಮಳೆಗಾಲಕ್ಕೆ ಮುಂಚೆ ಊರಿನ ಕುರಿಗಳಿಗೆಲ್ಲ ಜಂತುಹುಳದ ಔಷಧ ಕುಡಿಸುವ ಪದ್ಧತಿ. ಔಷಧದ ಅಳತೆ ಕುರಿಯ ತೂಕಕ್ಕೆ ತಕ್ಕಂತಿರಬೇಕು. ನಮ್ಮಲ್ಲಿ ತೂಕವೆಂದರೆ ಸೊಂಟ ಹಿಡಿದು ಎತ್ತಿ ನೋಡಿ ಹೇಳುವುದು. ಹಿಂದಿನ ವರ್ಷ ಹಾಗೆ ಎತ್ತಿ ಹೇಳಿದ ಅಂದಾಜು ತಪ್ಪಿ, ಔಷಧ ಹೆಚ್ಚಾಗಿ, ಹೊನ್ನವ್ವನ ಎರಡು ಗಬ್ಬದ ಕುರಿ ದಿನ ತುಂಬುವ ಮುನ್ನವೇ ಕಂದು ಹಾಕಿದ್ದವು. ಹೊನ್ನವ್ವ ಎಂದರೆ ಊರಿನ ಕುರಿ ಸಾಕುವ ಹೆಂಗಸರ ಸಂಘದ ಮುಂದಾಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊಟ್ರೇಶ ನೋಡಿದ್ದು ಬೇರೆ: ರೊಪ್ಪದ ಬಾಗಿಲಲ್ಲಿ ತೂಕದ ಹಲಗೆ, ಇಪ್ಪತ್ತು ಮೊಳ ಆಚೆ ಬೇವಿನ ನೆರಳಲ್ಲಿ ಸಿರಿಂಜಿಗೆ ಔಷಧ ಎಳೆಯುವವರು, ನಡುವೆ ಕುರಿಗಳ ಕೋಲಾಹಲ, ತೂಕವನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸಿದರೆ ಸಾಕು. ಹಲಗೆಯ ಪಕ್ಕದ ಕಂಬಕ್ಕೆ ಒಂದು ಪೆಟ್ಟಿಗೆ, ಅದರೊಳಗೆ ತೂಕ ಲೆಕ್ಕಹಾಕುವ ಬೆರಳುಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು. ನೆರಳಿನಲ್ಲಿ ಗೇಣಗಲದ ಹಸಿರು ಬೆಳಕಿನ ಫಲಕ. ಎರಡಕ್ಕೂ ಒಂದು ಉದ್ದ ತಂತಿ. ಕುರಿ ಹಲಗೆ ಹತ್ತಿದರೆ ಫಲಕದಲ್ಲಿ ಅದರ ತೂಕ ಮೂಡುತ್ತದೆ.

ಔಷಧದ ದಿನ ಭಾನುವಾರ. ಅದಕ್ಕೆ ಮುಂಚಿನ ಸೋಮವಾರ ಪರೀಕ್ಷೆಗಿಟ್ಟರು. ಕುರಿಗಳೆಲ್ಲ ಮೇಯಲು ಹೋಗಿದ್ದುದರಿಂದ ಹಲಗೆಯ ಮೇಲೆ ನಿಲ್ಲುವ ಗೌರವ ನನಗೆ ಬಂತು. ಬೆಳಗಿನ ಎಳೆಬಿಸಿಲಲ್ಲಿ ನನ್ನ ಐವತ್ತೆಂಟು ಚಿಲ್ಲರೆ ಕಿಲೋ ಊರಿನ ಸಮಸ್ತ ಮಹಿಳೆಯರ ಮುಂದೆ ಹಸಿರಾಗಿ ಬೆಳಗಿತು. ಎಲ್ಲರೂ ಅಂಕಿಯನ್ನೂ ನನ್ನನ್ನೂ ಒಂದೆರಡು ಸಲ ತಾಳೆನೋಡಿ ತೃಪ್ತರಾದರು. ಊಟದ ಹೊತ್ತಿಗೆ ಮತ್ತೆ ಹತ್ತಿದೆ. ಈಗ ಫಲಕದಲ್ಲಿ ಅಂಕಿಯಿರಲಿಲ್ಲ. ಗೇಟಿನಂತಹ ಗೆರೆಗಳು, ಬಾಗಿದ ಕೊಕ್ಕೆಗಳು, ಕುಡುಗೋಲಿಗೆ ಎರಡು ಚುಕ್ಕೆ ಇಟ್ಟಂತಹ ಆಕೃತಿಗಳು ಒಂದರ ಪಕ್ಕ ಒಂದು ಶಿಸ್ತಾಗಿ ಕೂತಿದ್ದವು.

ನನ್ನ ತೂಕ ಗುಟ್ಟಾಯಿತಲ್ಲ ಎಂದು ಒಂದು ಕ್ಷಣ ಸಮಾಧಾನವಾದದ್ದು ನಿಜ. ಆದರೆ ಕೊಟ್ರೇಶನ ಮುಖ ಇಳಿಯಿತು. ಯಾರೋ ದೇವರ ಲಿಪಿ ಎಂದರು, ಯಾರೋ ಚೀನಾದ ಸಾಮಾನು ಚೀನಾದ ಮಾತಾಡುತ್ತದೆ ಎಂದರು. ನಾನು ಫೋನಿನಲ್ಲಿ ಹುಡುಕಿ, ಆ ಆಕೃತಿಗಳು ನಿಜವಾಗಿಯೂ ಜಪಾನಿ ಅಕ್ಷರಗಳೆಂದೂ, ಇಂಥ ಫಲಕಗಳ ಹೊಟ್ಟೆಯಲ್ಲಿ ನಮ್ಮ ಅಂಕಿಗಳ ಜೊತೆಗೆ ಅವನ್ನೂ ತುಂಬಿರುತ್ತಾರೆಂದೂ, ತಪ್ಪು ಸಂದೇಶ ಹೋದಾಗ ಅವು ಎದ್ದು ಬರುತ್ತವೆಂದೂ ಸಾಧಿಸಿ ತೋರಿಸಿದೆ. ಸತ್ಯಾನ್ವೇಷಣೆಯ ಈ ವಿಜಯದ ಫಲವೇನೆಂದರೆ ಸಂಜೆಯೊಳಗೆ ನನ್ನ ತಮ್ಮನಿಗೆ 'ಜಪಾನ್ ಕೊಟ್ರ' ಎಂದು ಹೆಸರು ಬಿತ್ತು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಅಂಟಿದರೆ ಮೊಮ್ಮಕ್ಕಳ ಲಗ್ನಪತ್ರಿಕೆಯವರೆಗೆ ಬರುತ್ತದೆ.

ಹೊನ್ನವ್ವ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೊಟ್ರೇಶನಿಗೆ ಹೇಳಿದಳು: "ನೋಡಪಾ, ಭಾನುವಾರ ಕಟ್ಟಕಡೀ ಕುರಿತನಕ ಅಂಕಿ ತೋರಿಸಿದ್ರ ನಿನ್ನ ಬೋರ್ಡು ಇಲ್ಲೇ ಇರತೈತಿ. ಇನ್ನೊಂದ್ ಸಲ ಜಪಾನ್ ಮಾತಾಡ್ತು ಅಂದ್ರ, ಕಂಬ ಕಿತ್ತು ಎಮ್ಮಿ ಕಟ್ಟಾಕ ಹಾಕ್ಕೊಂತೀನಿ. ಎತ್ತಿ ನೋಡಾದು ನಮಗ ಗೊತ್ತೈತಿ."

ಎತ್ತಿ ನೋಡಿದ್ದರಿಂದಲೇ ಏನಾಯಿತೆಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ದನಿ ಅಷ್ಟು ಗಡುಸಾಗಿತ್ತು.

ಅಲ್ಲಿಂದ ನಾನು ವಕಾಲತ್ತು ವಹಿಸಿಕೊಂಡೆ. ಓದುಗ ಮಹಾಶಯರೇ, ಯಂತ್ರದ ವಿಷಯದಲ್ಲಿ ನನ್ನ ಅರ್ಹತೆಯನ್ನು ಕೇಳಬೇಡಿ. ಚರ್ಚಾಪಟುವಿಗೆ ಅರ್ಹತೆ ಬೇಕಿಲ್ಲ, ಅಂಶಗಳು ಸಾಕು. ರೊಪ್ಪದ ಕಟ್ಟೆಯ ಮುಂದೆ ನಿಂತು, ಬೆರಳು ಮಡಚುತ್ತ, ಮೊದಲನೆಯದಾಗಿ ತಂತಿ ಎಂದೆ, ಎರಡನೆಯದಾಗಿ ಅರ್ಥಿಂಗ್ ಎಂದೆ. ಕಟ್ಟೆಯ ಮೇಲೆ ಹೊನ್ನವ್ವನ ಮಾವ ಮೈಲಪ್ಪಜ್ಜ ತಮ್ಮ ಡೊಳ್ಳಿನ ಹಗ್ಗ ಬಿಗಿಯುತ್ತ ಕೂತಿದ್ದರು. ಐವತ್ತು ವರ್ಷ ಬೀರಪ್ಪ ದೇವರ ಮುಂದೆ ಡೊಳ್ಳು ಬಾರಿಸಿದ ಕೈ. ಅವರು ನಿಧಾನಕ್ಕೆ ಎದ್ದು ಬಂದು, ಕಂಬದ ಮೇಲಿನ ಪೆಟ್ಟಿಗೆಗೆ ಅಂಗೈ ಮುಟ್ಟಿಸಿ, ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿ, ಏನೋ ಅಂದರು. ನಾನಾಗ ಮೂರನೆಯ ಅಂಶದಲ್ಲಿದ್ದೆ. ನಮ್ಮ ಜನ ಕೆಟ್ಟ ರೇಡಿಯೋವನ್ನೂ ಕಲ್ಲಂಗಡಿಯನ್ನೂ ಒಂದೇ ಥರ ತಟ್ಟುವುದರ ಬಗ್ಗೆ ಒಂದು ವ್ಯಂಗ್ಯವನ್ನು ಅಲ್ಲೇ ಪೋಣಿಸಿ, ಚಪ್ಪಾಳೆಯ ನಿರೀಕ್ಷೆಯಲ್ಲಿ ಸುತ್ತ ನೋಡಿದೆ. ಅಜ್ಜ ಹೋಗಿ ಮತ್ತೆ ಡೊಳ್ಳಿನ ಮುಂದೆ ಕೂತರು.

ತಂತಿ ಬದಲಾಯಿಸಿದೆವು, ಜಪಾನ್. ಅರ್ಥಿಂಗ್ ಬಿಗಿಮಾಡಿದೆವು, ಜಪಾನ್. ಮಂಗಳವಾರ ಮಧ್ಯಾಹ್ನ ನನಗೆ ಜ್ಞಾನೋದಯವಾಯಿತು. ರೊಪ್ಪದ ಪಕ್ಕದ ಹೊಲದಲ್ಲಿ ಬೋರಿನ ಮೋಟಾರಿದೆ. ತ್ರೀ ಫೇಸ್ ಕರೆಂಟು ಬರುವುದು ಮಧ್ಯಾಹ್ನ. ಬೆಳಿಗ್ಗೆ ಮೋಟಾರು ಸುಮ್ಮನಿರುತ್ತದೆ, ಅಂಕಿ ಸರಿಯಿರುತ್ತದೆ. ಮಧ್ಯಾಹ್ನ ಮೋಟಾರು ಗುಂಯ್‌ಗುಡುತ್ತದೆ, ಅಂಕಿ ಕೆಡುತ್ತದೆ. ಎಂತಹ ಸೊಗಸಾದ ಕಾರ್ಯಕಾರಣ ಸಂಬಂಧ! ಮೋಟಾರಿನ ವಿದ್ಯುತ್ ಗದ್ದಲವೇ ನಮ್ಮ ಸಂದೇಶವನ್ನು ಕಲಕುತ್ತಿದೆ ಎಂದು ಇಪ್ಪತ್ತು ನಿಮಿಷ ಪ್ರತಿಪಾದಿಸಿದೆ. ಕೊಟ್ರೇಶ ತಲೆ ಕೆರೆದುಕೊಂಡು, ಇದ್ದರೂ ಇರಬಹುದು ಎಂದು ತಂತಿಗೆ ತಗಡಿನ ಹೊದಿಕೆ ಸುತ್ತಿದ. ಪಕ್ಕದ ಹೊಲದವನನ್ನು ಭಾನುವಾರ ಮೋಟಾರು ಹಚ್ಚಬೇಡವೆಂದು ಬೇಡಿಕೊಳ್ಳಲು ನಾನು ಹೋಗಿ, ಬೇಡಿಕೊಳ್ಳುವುದನ್ನು ಮರೆತು ವಾದ ಮಾಡಿ, ಅವನು ಇನ್ನೊಂದು ಗಂಟೆ ಹೆಚ್ಚಿಗೆ ಹಚ್ಚುವಂತೆ ಮಾಡಿ ಬಂದೆ.

ಗುರುವಾರ ತ್ರೀ ಫೇಸ್ ಬರಲೇ ಇಲ್ಲ. ಮೋಟಾರು ಸತ್ತಂತೆ ಮಲಗಿತ್ತು. ನಮ್ಮ ಫಲಕ ಬ್ಯಾಟರಿಯ ಮೇಲೆ ನಡೆಯುವಂಥದ್ದು. ಮಧ್ಯಾಹ್ನ ನಾನು ಹಲಗೆ ಹತ್ತಿದೆ. ಜಪಾನ್.

ಹಾಗೆಂದ ಮಾತ್ರಕ್ಕೆ ಸಿದ್ಧಾಂತ ಬಿಟ್ಟುಕೊಡುವಷ್ಟು ದುರ್ಬಲಳೇ ನಾನು? ದೂರದ ಇನ್ಯಾವುದೋ ಮೋಟಾರು ಎಂದೆ. ಆದರೆ ಶುಕ್ರವಾರ ಬೆಳಗಿನಿಂದ ಮೋಡ ಕವಿದು ಹೊತ್ತು ಕಾಣಲಿಲ್ಲ. ಮಧ್ಯಾಹ್ನ ಕರೆಂಟು ಬಂತು, ಮೋಟಾರು ಹಗೆ ಸಾಧಿಸುವಂತೆ ಗುಂಯ್‌ಗುಟ್ಟಿತು, ನಾನು ಹಲಗೆ ಹತ್ತಿದೆ. ಐವತ್ತೆಂಟು ಚಿಲ್ಲರೆ. ಇಳಿದೆ, ಹತ್ತಿದೆ. ಐವತ್ತೆಂಟು ಚಿಲ್ಲರೆ, ಸ್ವಚ್ಛ, ಸ್ಫುಟ. ನನ್ನ ಸಿದ್ಧಾಂತಕ್ಕೆ ಎರಡೂ ಕಡೆಯಿಂದ ಏಟು ಬಿದ್ದಿತ್ತು: ಕಾರಣವಿಲ್ಲದೆ ಕಾರ್ಯ, ಕಾರ್ಯವಿಲ್ಲದೆ ಕಾರಣ. ಆರು ವರ್ಷದ ಚರ್ಚಾಜೀವನದಲ್ಲಿ ಮೊದಲ ಬಾರಿಗೆ ನನಗೆ ಹೇಳಲು ಏನೂ ಇರಲಿಲ್ಲ. ರೊಪ್ಪದ ಮುಂದೆ ಅಪರೂಪದ ನಿಶ್ಶಬ್ದ ಉಂಟಾಯಿತು.

ಆ ನಿಶ್ಶಬ್ದದಲ್ಲಿ ಮೈಲಪ್ಪಜ್ಜನ ದನಿ ಕೇಳಿಸಿತು. ಯಾರಿಗೆಂದು ಇಲ್ಲದೆ, ಡೊಳ್ಳಿನ ಕಡೆ ನೋಡಿಕೊಂಡೇ ಅಂದರು: "ಇವತ್ತ್ ಇದೂ ಸಡಿಲ ಐತಿ. ಬಿಸಿಲಿಗಿ ಬಿಗಿ ಆಕ್ಕೈತಿ, ಮೋಡಕ್ಕ ಸಡಿಲ ಆಕ್ಕೈತಿ. ಬಿಸಿಲಾಗ್ ಇಟ್ಟ ಡೊಳ್ಳು, ನೆರಳಾಗ್ ಇಟ್ಟ ಡೊಳ್ಳು ಜೋಡಿ ಹೊಂದೂದಿಲ್ಲವ್ವ. ನಿಮ್ಮ ಪೆಟಿಗಿ ಬಿಸಿಲಾಗೈತಿ, ಗಾಜು ನೆರಳಾಗೈತಿ."

ನನ್ನ ಬಾಯಿ, ಅಭ್ಯಾಸಬಲದಿಂದ, ತೆರೆಯಿತು. ಡೊಳ್ಳಿಗೆ ಚರ್ಮವಿದೆ, ಚಿಪ್ಪಿಗಿಲ್ಲ. ಆದ್ದರಿಂದ ಈ ಉಪಮಾನ ಅಸಾಧು ಎನ್ನುವ ವಾಕ್ಯ ಸಿದ್ಧವಾಗಿತ್ತು. ಅಷ್ಟರಲ್ಲಿ ಕೊಟ್ರೇಶ ಎದ್ದು ನಿಂತಿದ್ದ. ಅವನ ಮುಖದಲ್ಲಿ ಐದು ದಿನದಿಂದ ಕಾಣದಿದ್ದ ಬೆಳಕಿತ್ತು.

"ಅಕ್ಕಾ, ಸುಮ್ನಿರು," ಅಂದ. ಅವನು ಹಾಗೆಂದದ್ದು ಜನ್ಮದಲ್ಲಿ ಮೊದಲು.

ಅವನು ನನಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ಅದು ನಾನು ಕೇಳಿದ ವಿಷಯಗಳಲ್ಲೇ ಅತ್ಯಂತ ರಮ್ಯವಾದದ್ದು. ಪೆಟ್ಟಿಗೆಯಿಂದ ಫಲಕಕ್ಕೆ ಮಾತು ಹೊರುವುದು ಒಂದೇ ಎಳೆ. ಆ ಎಳೆಯಲ್ಲಿ ಪ್ರತಿ ಅಂಕಿಯೂ ಎಂಟು ತುಣುಕಾಗಿ, ಕಿರಿದಾದ ಓಣಿಯಲ್ಲಿ ಕುರಿ ಸಾಗಿದಂತೆ ಒಂದರ ಹಿಂದೊಂದು ಹೋಗುತ್ತದೆ. ಒಂದೊಂದು ತುಣುಕೂ ಬರೀ 'ಹೌದು' ಇಲ್ಲವೇ 'ಅಲ್ಲ'. ಒಂದು ತುಣುಕು ಮುಗಿಯಿತು, ಇನ್ನೊಂದು ಶುರುವಾಯಿತು ಎಂದು ಕೂಗಿ ಹೇಳುವವರು ನಡುವೆ ಯಾರೂ ಇಲ್ಲ. ಸೆಕೆಂಡಿಗೆ ಇಷ್ಟು ಸಾವಿರ ತುಣುಕು ಎಂದು ಪೆಟ್ಟಿಗೆ, ಫಲಕ ಇಬ್ಬರೂ ಮೊದಲೇ ಮಾತಾಗಿರುತ್ತಾರೆ. ಆಮೇಲೆ ಆಡುವವನು ತನ್ನ ಎಣಿಕೆಯಲ್ಲಿ ಆಡುತ್ತಾನೆ, ಕೇಳುವವನು ತನ್ನ ಎಣಿಕೆಯಲ್ಲಿ ಕೇಳುತ್ತಾನೆ. ಎರಡು ಡೊಳ್ಳಿನವರು ಒಬ್ಬರನ್ನೊಬ್ಬರು ನೋಡದೆ ಒಂದೇ ಲಯ ಹಿಡಿದು ಬಾರಿಸಿದಂತೆ. ಒಬ್ಬನ ಲಯ ಕೂದಲೆಳೆಯಷ್ಟು ಚುರುಕಾದರೂ ಏಳನೆಯ ಎಂಟನೆಯ ಪೆಟ್ಟಿನ ಹೊತ್ತಿಗೆ ಒಂದರ ಜಾಗದಲ್ಲಿ ಇನ್ನೊಂದು ಬೀಳುತ್ತದೆ. ಕೇಳುವವನು ಪಾಪ, ಪ್ರಾಮಾಣಿಕವಾಗಿಯೇ ಜಪಾನಿ ಓದುತ್ತಾನೆ.

ಲಯ ಹಿಡಿಯಲು ಫಲಕದೊಳಗೆ ಒಂದು ಸ್ಫಟಿಕದ ಹರಳಿತ್ತು, ಅದು ಬಿಸಿಲಿಗೂ ನೆರಳಿಗೂ ಅಲುಗುವಂಥದ್ದಲ್ಲ. ಪೆಟ್ಟಿಗೆಯ ಚಿಪ್ಪಿಗೆ ಕೊಟ್ರೇಶ ಹರಳು ಹಾಕಿರಲಿಲ್ಲ. ಅದರ ಹೊಟ್ಟೆಯಲ್ಲೇ ಇರುವ ಅಗ್ಗದ ಗಡಿಯಾರ ಸಾಕು ಎಂದುಕೊಂಡಿದ್ದ. ಆ ಗಡಿಯಾರ ಬಿಸಿಯಾದಂತೆ ಚುರುಕಾಗುತ್ತದೆ. ಕರಿಬಣ್ಣದ ತಗಡು, ನೆತ್ತಿಯ ಮೇಲೆ ನಮ್ಮ ಸೀಮೆಯ ಬಿಸಿಲು; ಊಟದ ಹೊತ್ತಿಗೆ ಆ ಪೆಟ್ಟಿಗೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಅಜ್ಜನ ಮಾತಿನಲ್ಲಿ ಹೇಳುವುದಾದರೆ, ಬಿಗಿಯಾಗುತ್ತಿತ್ತು.

ಆದರೂ ನಾನು ಸಂಶಯವಾದಿ. ಒಪ್ಪುವ ಮೊದಲು ಸಾಕ್ಷ್ಯ ಕೇಳಿದೆ. ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಹೊತ್ತು ಏರಲೆಂದು ನಾನು ಬದುಕಿನಲ್ಲಿ ಪ್ರಾರ್ಥಿಸಿದ್ದು ಅದೊಂದೇ ದಿನ, ಯಾರಿಗೆ ಪ್ರಾರ್ಥಿಸಿದೆನೆಂದು ಕೇಳಬೇಡಿ. ಹನ್ನೊಂದೂವರೆಗೆ ಫಲಕ ಜಪಾನಿಗೆ ತಿರುಗಿತು. ಹೊನ್ನವ್ವ ಒಂದು ಗೋಣಿಚೀಲ ಹರಿದು, ಕುರಿಗಳು ನೀರು ಕುಡಿಯುವ ಬಾನಿಯಲ್ಲಿ ಅದ್ದಿ, ಪೆಟ್ಟಿಗೆಯ ಮೇಲೆ ಹೊದಿಸಿದಳು. ನಾನು ಹಲಗೆಯ ಮೇಲೆ ಉಸಿರು ಬಿಗಿಹಿಡಿದು ನಿಂತೆ. ಒಂದು ನಿಮಿಷ. ಎರಡು. ಕೊಕ್ಕೆಯೊಂದು ಕದಲಿ ಎಂಟಾಯಿತು. ಮತ್ತೆ ಕೊಕ್ಕೆಯಾಯಿತು. ಮತ್ತೆ ಎಂಟು. ಅದರ ಪಕ್ಕ ಐದು ಮೂಡಿ ನಿಂತಿತು. ಮಂಜು ಸರಿದು ಗುಡ್ಡ ಕಂಡಂತೆ, ಐವತ್ತೆಂಟು ಚಿಲ್ಲರೆ!

ನನ್ನ ತೂಕ ಕಂಡು ನಾನು ಕುಣಿದದ್ದು ಅದೇ ಮೊದಲು; ಕುಣಿದದ್ದರಿಂದ ಅಂಕಿ ಏರುಪೇರಾಗಿ ಕೊಟ್ರೇಶ ಗಾಬರಿಯಾದ. ಚೀಲ ತೆಗೆದೆವು, ಸ್ವಲ್ಪ ಹೊತ್ತಿಗೆ ಜಪಾನ್. ಹೊದಿಸಿದೆವು, ಅಂಕಿ. ತೆಗೆದೆವು, ಹೊದಿಸಿದೆವು. ಮೂರು ಸಲ ಸಾಕಿತ್ತು. ನಾಲ್ಕನೆಯದನ್ನು ಬರೀ ಸಂತೋಷಕ್ಕೆ ಮಾಡಿದೆವು. ಚರ್ಚೆಯಲ್ಲಿ ಗೆದ್ದಾಗ ಎದುರಾಳಿ ತಲೆ ತಗ್ಗಿಸುತ್ತಾನೆ, ಅಷ್ಟೇ. ಇಲ್ಲಿ ಸೋತವಳು ನಾನೇ ಆಗಿದ್ದು, ನನಗೇ ಕುಣಿಯಬೇಕೆನಿಸಿತ್ತು.

ಕೊಟ್ರೇಶ ಪೆಟ್ಟಿಗೆ ಬಿಚ್ಚಿಕೊಂಡು ಮಧ್ಯಾಹ್ನದ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋಗಿ, ಅಂಗಡಿಯಲ್ಲಿದ್ದ ಸತ್ತ ಯಂತ್ರಗಳ ಹೊಟ್ಟೆಯೆಲ್ಲ ಬಗೆದು, ಒಂದರಲ್ಲಿ ತಕ್ಕ ಹರಳು ಹುಡುಕಿ, ಅಲ್ಲೇ ಚಿಪ್ಪಿಗೆ ಬೆಸೆದು, ಇನ್ನು ಮೇಲೆ ನಿನ್ನ ಹೊಟ್ಟೆಯ ಮಾತು ಬಿಟ್ಟು ಹರಳಿನ ಮಾತು ಕೇಳು ಎಂದು ಅದಕ್ಕೆ ಕಲಿಸಿ, ಸಂಜೆಗೆ ವಾಪಸ್ಸು ಬಂದ. ಏನು ಮಾಡಿದೆಯೆಂದು ಕಟ್ಟೆಯ ಮೇಲಿದ್ದವರು ಕೇಳಿದರೆ ಈ ಮಿತಭಾಷಿ ಎರಡೇ ಪದ ಹೇಳಿದ: "ಹರಳು ಹಾಕೀನ್ರಿ." ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಶನಿಕಾಟಕ್ಕೆ ಉಂಗುರದಲ್ಲಿ ಹರಳು ಕಟ್ಟಿಸಿಕೊಂಡ ಜನಕ್ಕೆ ಇದರಲ್ಲಿ ವಿವರಿಸುವಂಥದ್ದು ಏನೂ ಉಳಿದಿರಲಿಲ್ಲ. ನಾನು ಎದ್ದು ಗ್ರಹಗಳಿಗೂ ಸ್ಫಟಿಕ ಕಂಪನಕ್ಕೂ ಇರುವ ವ್ಯತ್ಯಾಸ ಹೇಳತೊಡಗಿದೆ, ಕಟ್ಟೆ ಖಾಲಿಯಾಯಿತು.

ಭಾನುವಾರದ ಬಿಸಿಲನ್ನು ನಾನು ವರ್ಣಿಸುವುದಿಲ್ಲ. ಬೆಳಗಿನಿಂದ ಕುರಿಗಳು ಒಂದೊಂದಾಗಿ ಹಲಗೆ ಹತ್ತಿದವು, ಹೊನ್ನವ್ವ ಫಲಕ ನೋಡಿ ತೂಕ ಕೂಗಿದಳು, ಹೆಂಗಸರು ಅಳತೆಯಂತೆ ಔಷಧ ಎಳೆದು ಕುಡಿಸಿದರು. ಹನ್ನೊಂದೂವರೆ ಆದಾಗ ಕೊಟ್ರೇಶ ಫಲಕದ ಕಡೆ ಬೆನ್ನು ಮಾಡಿ ಕೂತ. ನೋಡುವ ಧೈರ್ಯ ಅವನಿಗಿರಲಿಲ್ಲ. ಹೊನ್ನವ್ವನ ದನಿಯನ್ನಷ್ಟೇ ಆಲಿಸುತ್ತಿದ್ದ. ಇಪ್ಪತ್ತಾರು. ಮೂವತ್ತೊಂದು. ಹತ್ತೊಂಬತ್ತು. ಅವಳ ದನಿ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಉಳಿದದ್ದು ಅವಳದೇ ಒಂದು ಗಬ್ಬದ ಕುರಿ. ಅದನ್ನು ಅವಳೇ ತಬ್ಬಿ ತಂದು ಹಲಗೆಯ ಮೇಲೆ ನಿಲ್ಲಿಸಿ, ಓಡಿ ನೆರಳಿಗೆ ಬಂದು, ಫಲಕವನ್ನು ಎರಡು ಸಲ ಓದಿ, ಅಳತೆಯ ಗೆರೆಗೆ ಕಣ್ಣು ಹಚ್ಚಿ ಔಷಧ ಎಳೆದಳು. ಕುರಿ ಕುಡಿದು ತಲೆ ಕೊಡವಿ ಹಿಂಡು ಸೇರಿತು. ಆಗ ಅವಳು ಕೊಟ್ರೇಶನ ಬೆನ್ನಿಗೆ ಅಂದಳು: "ಲೇ ಜಪಾನ್, ಏಳಪಾ. ಎಮ್ಮಿಗಿ ಬ್ಯಾರೆ ಕಂಬ ನೋಡ್ತೀನಿ."

ಹೆಸರು ಹೋಗಲಿಲ್ಲ, ನೋಡಿ. ಆದರೆ ಅದರ ರುಚಿ ಬದಲಾಯಿತು. ಈಗ ಮಿಕ್ಸರು ಕೆಟ್ಟವರು 'ಜಪಾನಿಗೆ ತೋರಿಸ್ರಿ' ಎನ್ನುತ್ತಾರೆ.

ಉಳಿದದ್ದು ಗೋಣಿಚೀಲ. ಹರಳು ಬಂದ ಮೇಲೆ ಅದು ಅನವಶ್ಯಕ. ಸೋಮವಾರ ನಾನದನ್ನು ತೆಗೆದಿಟ್ಟೆ. ಮಂಗಳವಾರ ಮತ್ತೆ ಬಂದಿತ್ತು, ಒದ್ದೆಯಾಗಿ. ಒಂದು ಪ್ರಯೋಗವು ಆಚಾರವಾಗಿ ಹುಟ್ಟುವುದನ್ನು ಕಣ್ಣಾರೆ ಕಂಡ ಸಂಶಯವಾದಿಗಳು ಜಗತ್ತಿನಲ್ಲಿ ಎಷ್ಟು ಜನರೋ. ನಾನಂತೂ ಅದರ ಸೂಲಗಿತ್ತಿ. ಈ ಆಚಾರದ ವಿರುದ್ಧ ಏಳು ಅಂಶಗಳ ಭಾಷಣವೊಂದು ನನ್ನಲ್ಲಿ ಸಿದ್ಧವಿತ್ತು. ಅದನ್ನು ಕೊಟ್ರೇಶನ ಮುಂದೆ ತಾಲೀಮು ಮಾಡುತ್ತಿದ್ದಾಗ, ಎರಡನೆಯ ಅಂಶದಲ್ಲೇ, ಅವನು ಬೆಸುಗೆಯಿಂದ ತಲೆಯೆತ್ತದೆ ಅಂದ, ಅಜ್ಜ ಮೊದಲ ದಿನವೇ ಪೆಟ್ಟಿಗೆ ಮುಟ್ಟಿ 'ಬಿಗಿ ಆಗೈತಿ' ಅಂದಂತಿತ್ತು, ನಿನ್ನ ಮಾತಿನ ನಡುವೆ ನನಗೂ ಸರಿಯಾಗಿ ಕೇಳಿಸಲಿಲ್ಲ.

ಐದು ಅಂಶಗಳು ಅಲ್ಲಿಯೇ ಉಳಿದವು.

ಮರುದಿನ ಊಟದ ಹೊತ್ತಿಗೆ ರೊಪ್ಪಕ್ಕೆ ಹೋದೆ. ಪೆಟ್ಟಿಗೆಯ ಮೇಲಿನ ಚೀಲ ಒಣಗಿ ಹಪ್ಪಳವಾಗಿತ್ತು. ತೆಗೆಯಲೆಂದೇ ಕೈ ಹಾಕಿದೆ. ಯಾಕೋ, ಬಾನಿಯಲ್ಲಿ ಅದ್ದಿ ಮತ್ತೆ ಹೊದಿಸಿದೆ. ನೀರು ಕಂಬದ ಗುಂಟ ಇಳಿದು ಮಣ್ಣಿಗೆ ಸೇರಿತು. ಕಟ್ಟೆಯ ಮೇಲೆ ಮೈಲಪ್ಪಜ್ಜ ಡೊಳ್ಳಿಗೆ ಕಿವಿ ಹಚ್ಚಿ, ಗೆಣ್ಣಿನಿಂದ ತಟ್ಟಿ, ಕಾದು, ಹಗ್ಗ ಎಳೆದು, ಮತ್ತೆ ತಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಆ ಎರಡು ತಟ್ಟುವಿಕೆಗಳ ನಡುವಿನ ಬಿಡುವು ಬರುವತನಕ ಕಾದೆ. ಆಮೇಲೆ ಕೇಳಿದೆ:

"ಅಜ್ಜಾ, ಮೊದಲ್ನೇ ದಿನ ಆ ಪೆಟಿಗಿ ಮುಟ್ಟಿ ನೀವು ಏನಂದ್ರಿ?"